ಉಸಿರು ಕೊಡುವ ಯಂತ್ರ, ಎಳೆ ಮಿದುಳು

"ಆ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಎಷ್ಟಿವೆ?" 2020ರ ಕೋವಿಡ್ ಕಾಲದಿಂದ ಈ ಪ್ರಶ್ನೆ ನಮಗೆಲ್ಲ ಬಾಯಿಪಾಠ. ಯಂತ್ರ ಎಣಿಸಿ ಆಸ್ಪತ್ರೆಯ ಯೋಗ್ಯತೆ ಅಳೆಯುತ್ತೇವೆ. ಆದ್ರೆ ಅವಧಿಗೆ ಮೊದಲೇ ಹುಟ್ಟಿದ ಮಕ್ಕಳ ವಿಷಯದಲ್ಲಿ ಈ ಲೆಕ್ಕ ಸಾಲದು ಅಂತ ನನಗನ್ನಿಸುತ್ತೆ.

ಯಂತ್ರ ಬೇಡ ಅಂತಲ್ಲ ಮತ್ತೆ! 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಸುಮಾರು ಐದೂವರೆ ವಾರ ಮೊದಲೇ ಹುಟ್ಟಿ, ಶ್ವಾಸಕೋಶ ಬಲಿಯದೆ ಎರಡೇ ದಿನದಲ್ಲಿ ತೀರಿಕೊಂಡ. ಅಂಥ ಮಕ್ಕಳು ಇವತ್ತು ಸಾಮಾನ್ಯವಾಗಿ ಬದುಕುತ್ತವೆ.

ಆದರೆ ಯಂತ್ರದ ಪೆಟ್ಟು ಶ್ವಾಸಕೋಶಕ್ಕಷ್ಟೇ ಅಲ್ಲ, ಮಿದುಳಿಗೂ ತಟ್ಟಬಹುದು. ಹೇಗೆ ಅಂತೀರಾ? ಮಿದುಳಿನ ರಕ್ತನಾಳಗಳು ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಹೇಳಿದಂತೆ ಕೇಳುತ್ತವೆ. ಅದು ಹೆಚ್ಚಾದರೆ ನಾಳ ಹಿಗ್ಗಿ ರಕ್ತ ನುಗ್ಗುತ್ತದೆ. ಯಂತ್ರ ಅತಿಯಾಗಿ ಊದಿ ಅದು ತೀರಾ ಇಳಿದರೆ ನಾಳ ಕುಗ್ಗಿ, ಮಿದುಳಿನ ಬಿಳಿಭಾಗಕ್ಕೆ ರಕ್ತ ಸಾಲದಾಗುತ್ತದೆ. ಎದೆಯೊಳಗೆ ಒತ್ತಡ ಏರಿದರೆ ತಲೆಯಿಂದ ಮರಳುವ ರಕ್ತಕ್ಕೂ ಅಡ್ಡಿ. 32 ವಾರಕ್ಕಿಂತ ಮೊದಲು ಹುಟ್ಟಿದ ಕೂಸುಗಳ ಮಿದುಳಿನ ಕುಹರಗಳ ಪಕ್ಕದ ನಾಳಗಳು ಬಹಳ ತೆಳು. ಈ ಏರಿಳಿತಕ್ಕೆ ಅವು ಒಡೆದುಬಿಡಬಹುದು, ಹೆಚ್ಚಾಗಿ ಮೊದಲ 3 ದಿನದೊಳಗೇ. ಮಿದುಳಿನ ರಕ್ತದ ವೇಗ ಹೀಗೆ ಹೊಯ್ದಾಡುವ ಮಕ್ಕಳಲ್ಲೇ ರಕ್ತಸ್ರಾವ ಹೆಚ್ಚು ಅಂತ ಪರ್ಲ್‌ಮನ್, ವೋಲ್ಪಿ ಮತ್ತವರ ಸಂಗಡಿಗರು 1983ರಲ್ಲೇ ತೋರಿಸಿದ್ದರು.

ನನ್ನ ತಂಗಿಯ ಮಗಳು 28 ವಾರಕ್ಕೇ ಹುಟ್ಟಿ ಒಂಬತ್ತು ದಿನ ವೆಂಟಿಲೇಟರ್ ಮೇಲಿದ್ದಳು. ನಾವೆಲ್ಲ ಗಾಜಿನಾಚೆ ನಿಂತು ಆಮ್ಲಜನಕದ ಅಂಕಿಯನ್ನೇ ನೋಡುತ್ತಿದ್ದೆವು. ಅಲ್ಲಿದ್ದ ನರ್ಸಮ್ಮ ಮಾತ್ರ ರಾತ್ರಿ ಎರಡು ಗಂಟೆಗೂ ಇನ್ನೊಂದು ಅಂಕಿಯ ಹಿಂದೆ ಬಿದ್ದಿದ್ದರು... ಅದೇ ಇಂಗಾಲದ ಡೈಆಕ್ಸೈಡ್! ಅದು ಇಳಿದಾಗಲೆಲ್ಲ ಡಾಕ್ಟರನ್ನು ಎಬ್ಬಿಸಿ ಯಂತ್ರದ ವೇಗ ಕಡಿಮೆ ಮಾಡಿಸುತ್ತಿದ್ದರು. ಯಂತ್ರದ ಬೆಲೆ ಬಿಲ್ಲಿನಲ್ಲಿತ್ತು, ಆಕೆಯ ಎಚ್ಚರದ ಬೆಲೆ ಎಲ್ಲೂ ಇರಲಿಲ್ಲ.

ನನ್ನ ವಾದ ಇಷ್ಟೇ. ದಾನಿಗಳೂ ಸರ್ಕಾರವೂ ಯಂತ್ರ ಕೊಟ್ಟು ಫೋಟೋ ತೆಗೆಸಿಕೊಂಡರೆ ಸಾಲದು. ಪ್ರತಿ ಉಸಿರಿಗೆ ಇಷ್ಟೇ ಗಾಳಿ ಅಂತ ಅಳೆದು ಕೊಡುವ ಯಂತ್ರ ಬೇಕು, ರಕ್ತಪರೀಕ್ಷೆ ನಡುರಾತ್ರಿಯೂ ಸಿಗಬೇಕು, ನೋಡಿಕೊಳ್ಳಲು ಸಾಕಷ್ಟು ನರ್ಸುಗಳಿರಬೇಕು. ಟ್ಯೂಬ್ ಇಳಿಸದೆ ಮೂಗಿನ ಮೂಲಕ ಒತ್ತಡ ಕೊಡುವ ಸಿಪ್ಯಾಪ್ ಸಾಕಾಗುವ ಮಗುವಿಗೆ ಅದೇ ಒಳ್ಳೇದು. ಅದಕ್ಕೂ ಮೊದಲು, ಬೇಗ ಹೆರಿಗೆಯಾಗುವ ಸೂಚನೆ ಕಂಡ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್. ಲಿಗ್ಗಿನ್ಸ್ ಮತ್ತು ಹೋವಿ 1972ರಲ್ಲೇ ತೋರಿಸಿಕೊಟ್ಟ ಅಗ್ಗದ ಮದ್ದು ಅದು. ಮಗುವಿನ ಶ್ವಾಸಕೋಶವನ್ನೂ ಬಲಿಸುತ್ತದೆ, ಮಿದುಳಿನ ರಕ್ತಸ್ರಾವವನ್ನೂ ತಗ್ಗಿಸುತ್ತದೆ.

ಬದುಕಿಸಿದರೆ ಸಾಕೇ, ಆ ಮಗು ಮುಂದೆ ನಡೆಯಬೇಕು, ಓದಬೇಕು ಅಲ್ವಾ? ಹಾಗಾಗಿ ಇನ್ಮುಂದೆ ಯಂತ್ರ ಎಷ್ಟಿವೆ ಅಂತ ಕೇಳುವಾಗ, ರಾತ್ರಿ ಅದರ ಪಕ್ಕ ಯಾರಿರ್ತಾರೆ ಅಂತಲೂ ಕೇಳೋಣ. ನೀವೇನಂತೀರಿ?