ಕೈ ಪಳಗುವ ಮುನ್ನ ಫಲಕವೇಕೆ?

ನಮ್ಮ ಮನೆಗಳಲ್ಲಿ ಈಗ ಹೊಸ ಉತ್ಸಾಹ ಕಾಣುತ್ತಿದೆ. ಕಸೂತಿ, ಕ್ಯಾಲಿಗ್ರಫಿ, ಮೆಹಂದಿ, ಮರಗೆಲಸ ಎಂದು ಯುವಕ ಯುವತಿಯರು ಸ್ವಂತದ ಸಣ್ಣ ಉದ್ಯಮ ಆರಂಭಿಸುತ್ತಿದ್ದಾರೆ. ಇದು ಸಂತಸದ ಸಂಗತಿ. ಆದರೆ ಉತ್ಸಾಹದ ಬೆನ್ನಿಗೇ ಒಂದು ರೋಗವೂ ಬಂದಿದೆ. ಕೈ ಪಳಗುವ ಮುನ್ನವೇ ಹೆಸರಿನ ಫಲಕ ಸಿದ್ಧವಾಗುತ್ತದೆ. ಮೂರು ತಿಂಗಳು ಕಲಿತವರು ನಾಲ್ಕನೆಯ ತಿಂಗಳು ಶುಲ್ಕ ಪಡೆದು ಇತರರಿಗೆ ಕಲಿಸತೊಡಗುತ್ತಾರೆ. ಪ್ರಚಾರ ಚೆನ್ನಾಗಿದ್ದರೆ ಸಾಕು, ಸರಕು ತಾನಾಗಿ ಬಿಕರಿಯಾಗುತ್ತದೆ ಎಂಬುದು ಈ ಕಾಲದ ಜಾಣ್ಮೆಯಾಗಿದೆ. ಈ ಜಾಣ್ಮೆಯನ್ನು ನಾವು ಒಪ್ಪುವುದಿಲ್ಲ.

ನೈಪುಣ್ಯವೆಂದರೇನೆಂದು ತಿಳಿಯಲು ಬೀದರಿನ ಬಿದ್ರಿ ಕುಶಲಕರ್ಮಿಯ ಮುಂದೆ ಒಂದು ದಿನ ಕುಳಿತು ನೋಡಬೇಕು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ಪಾತ್ರೆಯನ್ನು ನಯಗೊಳಿಸುತ್ತಾರೆ. ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ಮೈಯನ್ನು ಕಪ್ಪಾಗಿಸುತ್ತಾರೆ. ಬಳಿಕ ಉಳಿಯಿಂದ ಬಳ್ಳಿ, ಹೂವುಗಳನ್ನು ಕೊರೆದು, ಆ ಕೊರೆತದೊಳಗೆ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಕೊರೆತ ಆಳವಿಲ್ಲದಿದ್ದರೆ ಬೆಳ್ಳಿ ನಿಲ್ಲದು. ಅಗಲವಾದರೆ ಸಂದು ಕಾಣುತ್ತದೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ದ್ರಾವಣದ ಸರದಿ. ಸತು ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಬೆಳಗುತ್ತದೆ. ಯಾವ ಮಣ್ಣು ತಕ್ಕದ್ದೆಂದು ಉಸ್ತಾದರು ನಾಲಗೆಯ ಮೇಲಿಟ್ಟು ರುಚಿಯಿಂದಲೇ ಗುರುತಿಸುತ್ತಾರೆ. ಆ ರುಚಿ ಯಾವ ಜಾಹೀರಾತಿನಿಂದ ದಕ್ಕೀತು?

ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರು ಈ ಕಲೆಯನ್ನು ತಂದೆಯಿಂದ ಕಲಿತವರು. 2023ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅಂದು ನಾವೆಲ್ಲರೂ ಹೆಮ್ಮೆಯಿಂದ ಅಭಿನಂದಿಸಿದೆವು. ಆದರೆ ಆ ಗೌರವದ ಹಿಂದೆ ಉಳಿ ಹಿಡಿದು ಕಳೆದ ದಶಕಗಳಿವೆ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿದೆವೇ?

ಕುಶಲಕರ್ಮಿಯ ಹೊಟ್ಟೆ ತುಂಬುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಮಾತು ಸುಳ್ಳಲ್ಲ. ಬೆಳ್ಳಿಯ ಬೆಲೆ ಏರುತ್ತದೆ, ಮಧ್ಯವರ್ತಿ ಲಾಭ ಒಯ್ಯುತ್ತಾನೆ. ಬಿದ್ರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೇನೋ ಇದೆ. ಅದು ಹೆಸರನ್ನು ಕಾಯಬಲ್ಲದು, ಕೈಗೆ ಕಸುವು ತುಂಬಲಾರದು. ಆದ್ದರಿಂದ ಲೆಕ್ಕ, ಬೆಲೆ, ಮಾರುಕಟ್ಟೆಗಳನ್ನೂ ಕಲಿಯಲೇಬೇಕು. ಆದರೆ ಅರೆಕಲಿತವನ ಸರಕಿಗೆ ಅಗ್ಗದ ಬೆಲೆಯೊಂದೇ ಆಸರೆ. ಅಗ್ಗದ ಪಂದ್ಯದಲ್ಲಿ ಯಂತ್ರವನ್ನು ಸೋಲಿಸಿದ ಕೈ ಯಾವುದಿದೆ? ಯಂತ್ರಕ್ಕೆ ನಿಲುಕದ್ದನ್ನು ಮಾಡಬಲ್ಲವನಿಗಷ್ಟೇ ತನ್ನ ಬೆಲೆಯನ್ನು ತಾನೇ ಹೇಳುವ ಧೈರ್ಯ ಬರುತ್ತದೆ.

ಗಿರಾಕಿಗೆ ವ್ಯತ್ಯಾಸ ತಿಳಿಯುವುದಿಲ್ಲ ಎಂಬುದು ಇನ್ನೊಂದು ಸಮರ್ಥನೆ. ನಮ್ಮನ್ನು ಹೆಚ್ಚು ನೋಯಿಸುವುದು ಇದೇ. ತೂಕದಲ್ಲಿ ಕಡಿತ ಮಾಡುವುದು ಪಾಪವೆಂದು ನಾವು ಬಲ್ಲೆವು. ನೈಪುಣ್ಯದಲ್ಲಿ ಕಡಿತ ಮಾಡಿ ಪೂರ್ಣ ಬೆಲೆ ಪಡೆಯುವುದು ಮತ್ತೇನು? ಗಿರಾಕಿಯ ಅಜ್ಞಾನ ನಮ್ಮ ಬಳಿಯಿರುವ ಅಮಾನತ್ತು. ಅದನ್ನು ಬಂಡವಾಳ ಮಾಡಿಕೊಳ್ಳುವ ಹಕ್ಕು ನಮಗಿಲ್ಲ. ಪ್ರವಾದಿ ದಾವೂದ್(ಅ) ಕಬ್ಬಿಣದ ಕವಚ ಹೆಣೆಯುತ್ತಿದ್ದರು. ಅದರ ಕೊಂಡಿಯೊಂದು ಸಡಿಲವಾದರೆ ಅಪಾಯ ಅದನ್ನು ಧರಿಸಿದವನ ಜೀವಕ್ಕೆ. ಇಹ್ಸಾನ್ ನಮಾಝಿನ ಚಾಪೆಗಷ್ಟೇ ಸೀಮಿತವಲ್ಲ, ಕಾರ್ಯಾಗಾರಕ್ಕೂ ಅದು ಅನ್ವಯಿಸುತ್ತದೆ.

ತಪ್ಪು ಯುವಜನರದ್ದು ಮಾತ್ರವಲ್ಲ. ವರನನ್ನು ನೋಡಲು ಹೋದಾಗ ‘ಕೈಕೆಲಸ’ ಎಂದೊಡನೆ ಮುಖ ಸಪ್ಪೆ ಮಾಡಿಕೊಳ್ಳುವವರು ನಾವೇ. ಮಗ ಇಂಜಿನಿಯರ್ ಆಗಲು ನಾಲ್ಕು ವರ್ಷ ಕಾಯುತ್ತೇವೆ. ಕಸುಬು ಕಲಿಯುವವನಿಗೆ ನಾಲ್ಕು ತಿಂಗಳ ತಾಳ್ಮೆಯೂ ನಮ್ಮಲ್ಲಿಲ್ಲ.

ಆದ್ದರಿಂದ ಹೆತ್ತವರಲ್ಲಿ ನಮ್ಮ ವಿನಂತಿ: ಕಸುಬು ಆಯ್ದುಕೊಂಡ ಮಗ ಮಗಳಿಗೆ ಕಲಿಕೆಯ ವರ್ಷಗಳ ಖರ್ಚು ಕೊಡಿ, ಒಬ್ಬ ಉಸ್ತಾದರ ಬಳಿ ಕೂರಿಸಿ. ಉದ್ಯಮ ಆರಂಭಿಸಿದವರಲ್ಲಿ ವಿನಂತಿ: ದಿನಕ್ಕೊಂದು ಗಂಟೆ ಮಾರಾಟಕ್ಕಲ್ಲದ ಅಭ್ಯಾಸಕ್ಕೆ ಮೀಸಲಿಡಿ. ಮನಸ್ಸು ಒಪ್ಪದ ವಸ್ತುವನ್ನು, ಗಿರಾಕಿ ಒಪ್ಪಿದರೂ, ಮಾರಬೇಡಿ. ಫಲಕ ಬರೆಸಲು ಒಂದು ದಿನ ಸಾಕು. ಅದರಲ್ಲಿ ಬರೆದ ಹೆಸರಿಗೆ ಅರ್ಹರಾಗಲು ಇಂದೇ ಕೆಲಸ ಆರಂಭವಾಗಲಿ.