ಹಿಡಿಯುವ ಕೈಯೇ ದೊಡ್ಡದು

ಮಕ್ಕಳೇ,

ನಮ್ಮ ಹಾನಗಲ್ಲ ಕಡೆ ಬೀಗಕ್ಕೆ ಕೀಲಿ ಅನ್ನುತ್ತಾರೆ, ಅದನ್ನು ತೆರೆಯುವ ಸಾಮಾನಿಗೆ ಚಾವಿ. ಬೆಂಗಳೂರು, ಮೈಸೂರಿನ ಓದುಗರು ಗಲಿಬಿಲಿಗೊಳ್ಳಬಾರದೆಂದು ಮೊದಲೇ ಹೇಳಿಬಿಟ್ಟೆ. ಈ ವಾರದ ಮಾತು ಒಂದು ಕೀಲಿಯದೇ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂತ ವರ್ಗವಾಗುತ್ತ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದವನು ನಾನು. ಕ್ಯಾಶ್ ಇಡುವ ತಿಜೋರಿಗೆ ಎರಡು ಚಾವಿ. ಒಂದು ನನ್ನ ಹತ್ತಿರ, ಇನ್ನೊಂದು ಅಧಿಕಾರಿಯ ಹತ್ತಿರ. ಇಬ್ಬರೂ ಎದುರಿಗಿದ್ದರೇ ಅದು ತೆರೆಯುವುದು. ಅಷ್ಟು ವರ್ಷ ಒಮ್ಮೆಯೂ ಚಾವಿ ಕಳೆಯದ ನಾನು, ನಿವೃತ್ತಿಯಾದ ಮೇಲೆ ಮನೆಯಲ್ಲಿ ಕಳೆದೆ. ಅದೂ ನಮ್ಮ ಮನೆಯಾಕೆಯ ಟ್ರಂಕಿನ ಚಾವಿ.

ಆಕೆ ತೀರಿಕೊಂಡು ಮೂರು ವರ್ಷ. ಟ್ರಂಕಿಗೆ ತಾನೇ ಕೀಲಿ ಹಾಕಿದ್ದಳು. ಚಾವಿ ಎಲ್ಲಿಟ್ಟಳೋ, ಅಥವಾ ನನ್ನ ಕೈಗೆ ಕೊಟ್ಟಳೋ, ನೆನಪಿಗೆ ಬರಲಿಲ್ಲ. ಮಗ, “ಅಪ್ಪಾ, ಎರಡ ನಿಮಿಷದಾಗ ಕೊಂಡಿ ಕತ್ತರಿಸಿ ಒಗೀತೀನಿ” ಅಂದ. ನಾನು ಒಪ್ಪಲಿಲ್ಲ. ಆಕೆ ಹಾಕಿದ ಕೀಲಿಯನ್ನು ಮುರಿಯಲು ಮನಸ್ಸು ಬರಲಿಲ್ಲ, ಅಷ್ಟೇ.

ಬೇಸಿಗೆ ರಜೆಗೆ ಬಂದ ಮೊಮ್ಮಗ ಒಂದು ತಂತಿ ತಗೊಂಡು ಕೀಲಿಯೊಳಗೆ ಚುಚ್ಚತೊಡಗಿದ. ಜೋತುಬಿದ್ದ ಕೀಲಿ ಅತ್ತ ಇತ್ತ ಓಲಾಡಿತೇ ಹೊರತು ತೆರೆಯಲಿಲ್ಲ. ನಾನು ಕೈಹಾಕಿದೆ. ಎಪ್ಪತ್ತು ದಾಟಿದ ಕೈ, ನಡುಗುತ್ತದೆ. ತಂತಿ ಬೆರಳಿಗೆ ಚುಚ್ಚಿ ರಕ್ತ ಬಂತು.

ಕಡೆಗೆ ಸವಣೂರಿನ ಚಾವಿ ಮಾಡುವ ಚಾಚಾ ಅವರಿಗೆ ಹೇಳಿಕಳಿಸಿದೆ. ನಾನು ಅಲ್ಲಿ ಕೆಲಸಕ್ಕಿದ್ದಾಗಿನಿಂದ ಪರಿಚಯ. ಒಂದು ಪೊಟ್ಟಣ ಸವಣೂರ ಖಾರದ ಜೊತೆಗೇ ಬಂದರು. ಬಂದವರು ಕೀಲಿ ಮುಟ್ಟಲಿಲ್ಲ, ಮೊದಲು ಕೇಳಿದ್ದು ಒಂದೇ ಮಾತು: “ಸರ, ಇದು ಯಾರ ಟ್ರಂಕ? ಮನಿಯವ್ರಿಗೆಲ್ಲಾ ಗೊತ್ತೈತಿಲ್ಲೋ?” ಮಗನನ್ನೂ ಸೊಸೆಯನ್ನೂ ಕರೆದು, ಅವರ ಬಾಯಿಂದ ಹೂಂ ಅನ್ನಿಸಿಕೊಂಡ ಮೇಲೆಯೇ ಚೀಲ ಬಿಚ್ಚಿದರು. ನನಗೆ ನಮ್ಮ ತಿಜೋರಿಯ ಎರಡು ಚಾವಿ ನೆನಪಾದವು.

ಆಮೇಲೆ ಟ್ರಂಕನ್ನು ಹಿಂದಕ್ಕೆ ಒರಗಿಸಿ, ಕೀಲಿಯ ಹಿಂದೆ ಮಡಿಸಿದ ಟವೆಲ್ ಇಟ್ಟರು. ಮೊಮ್ಮಗನಿಗೆ ಅಂದರು: “ತಮ್ಮಾ, ಎರಡೂ ಕೈಲೆ ಇದನ್ನ ಹಿಡಿ. ಹಿಚುಕಬ್ಯಾಡ, ಅಳ್ಳಾಡಾಕೂ ಬಿಡಬ್ಯಾಡ. ಹಕ್ಕಿಮರಿ ಹಿಡಿದಂಗ ಹಿಡಿ. ಅರ್ಧಾ ಕೆಲಸ ನಿಂದ.”

ಕೀಲಿಯ ಹೊಟ್ಟೆಯೊಳಗೆ ಏನಿದೆ ಗೊತ್ತೇ? ಒಂದು ಹಿತ್ತಾಳೆಯ ಉರುಳೆ. ಚಾವಿ ಹೋಗುವುದು ಅದರೊಳಗೆ. ನಾಲ್ಕೈದು ಸಣ್ಣ ಕಡ್ಡಿಗಳು ಸ್ಪ್ರಿಂಗಿನ ಒತ್ತಡದಿಂದ ಇಳಿದು, ಉರುಳೆ ತಿರುಗದಂತೆ ಅಡ್ಡ ನಿಂತಿರುತ್ತವೆ. ಪ್ರತಿ ಕಡ್ಡಿಯೂ ಎರಡು ತುಂಡು. ಸರಿಯಾದ ಚಾವಿ ಹಾಕಿದರೆ ಎಲ್ಲ ಕಡ್ಡಿಗಳ ಸಂದು ಉರುಳೆಯ ಅಂಚಿಗೆ ಬಂದು ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಉರುಳೆ ತಿರುಗುತ್ತದೆ. ಇಂಥ ಕೀಲಿಗೆ ಅಮೆರಿಕದ ಲೈನಸ್ ಯೇಲ್ 1861ರಲ್ಲಿ ಪೇಟೆಂಟ್ ಪಡೆದ.

ಚಾಚಾ ಹಲ್ಲು ಕೊರೆಯದ ಬೋಳು ಚಾವಿಯನ್ನು ಒಳಗೆ ಹಾಕಿ, ತುಸು ತಿರುವಿ ಹಿಡಿದು, ಮೇಲೆ ಕೆಳಗೆ ಮೆಲ್ಲಗೆ ಅಲುಗಿಸಿದರು. ಹೊರಗೆ ತೆಗೆದು ಬೆಳಕಿಗೆ ಹಿಡಿದರೆ ಸಾಸಿವೆಗಿಂತ ಸಣ್ಣ ಗುರುತುಗಳು. ಕಡ್ಡಿ ಎಲ್ಲಿ ಅಡ್ಡ ಬಂದಿದೆಯೋ ಅಲ್ಲಿ ಗುರುತು ಬೀಳುತ್ತದೆ. ಅಲ್ಲಿ ಅರದಿಂದ ಎರಡು ಸಲ ಉಜ್ಜಿ ಮತ್ತೆ ಹಾಕುವುದು. ಕಡ್ಡಿ ತನ್ನ ಜಾಗಕ್ಕೆ ಬಂತೆಂದರೆ ಗುರುತು ಬೀಳುವುದು ನಿಲ್ಲುತ್ತದೆ. ಕೀಲಿ ಓಲಾಡಿದರೆ ಗುರುತು ಎಲ್ಲೆಲ್ಲೋ ಬಿದ್ದು ಲೆಕ್ಕ ತಪ್ಪುತ್ತದೆ.

ನಡುವೆ ದಣಿವಾರಿಸಿಕೊಳ್ಳುತ್ತ, ಚೀಲದಲ್ಲಿದ್ದ ಒಂದು ಹಳೆಯ ಕೀಲಿ ಕೊಟ್ಟು ಹುಡುಗನಿಗೆ ಪಾಠ ಹೇಳಿದರು. ಕೀಲಿ ಎಡಗೈಯಲ್ಲಿ, ಚಾವಿಯ ತೂತು ಕಣ್ಣಿಗೆ ಕಾಣುವಂತೆ. ಬಲಗೈಯ ಸಲಕರಣೆಯನ್ನು ಪೆನ್ ಹಿಡಿದ ಹಾಗೆ ಹಿಡಿಯಬೇಕು. ಕಿರುಬೆರಳು ಕೀಲಿಯ ಮೈಮೇಲೆ ಊರಿರಬೇಕು, ಆಗ ಎರಡೂ ಕೈ ಒಂದಾಗುತ್ತವೆ. ಮೊಣಕೈ ಮೇಜಿನ ಮೇಲಿರಲಿ. ನನ್ನ ಕಡೆ ತಿರುಗಿ, “ಸರ, ನಿಮ್ಮ ಕೈಯೂ ಹಿಂಗ ಊರಿದ್ರ ನಡುಗೂದಿಲ್ಲ” ಅಂದರು. ಅಂದಿನಿಂದ ಬಾಗಿಲ ಚಾವಿ ಹಾಕುವಾಗ ಕಿರುಬೆರಳು ಬಾಗಿಲಿಗೆ ಊರುತ್ತೇನೆ. ಖರೇ, ನಡುಕ ಕಡಿಮೆ.

ಹಿಂದೆ ಲಂಡನ್ನಿನ ಬ್ರಾಮಾ ಕಂಪನಿ ತನ್ನ ಕೀಲಿಯನ್ನು ಅಂಗಡಿಯ ಕಿಟಕಿಯಲ್ಲಿಟ್ಟು, ಚಾವಿಯಿಲ್ಲದೆ ತೆರೆದವರಿಗೆ 200 ಗಿನಿ ಬಹುಮಾನ ಅಂತ ಬರೆಸಿತ್ತು. ಹತ್ತಾರು ವರ್ಷ ಯಾರಿಗೂ ಆಗಲಿಲ್ಲ. 1851ರಲ್ಲಿ ಅಮೆರಿಕದ ಹಾಬ್ಸ್ ಎಂಬಾತ ತೆರೆದ. ಆಗಲೂ ಕೀಲಿಯನ್ನು ಎರಡು ಹಲಗೆಗಳ ನಡುವೆ ಅಲುಗದಂತೆ ಕೂಡಿಸಿದ್ದರು. 16 ದಿನಗಳಲ್ಲಿ ಒಟ್ಟು 51 ತಾಸು ಹಿಡಿಯಿತು. ಅದು ಕದ್ದು ಮಾಡಿದ್ದಲ್ಲ, ಕೀಲಿಯವರೇ ಒಪ್ಪಿ, ಪಂಚರನ್ನು ಕೂಡಿಸಿ ನಡೆಸಿದ್ದು.

ನಮ್ಮ ಟ್ರಂಕಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ. ಮುಕ್ಕಾಲು ತಾಸಿಗೆ ‘ಟಕ್’ ಅಂತ ಕೊಂಡಿ ಮೇಲೆದ್ದಿತು. ಅಷ್ಟು ಹೊತ್ತೂ ಕೈ ಬದಲಿಸದೆ ಹಿಡಿದಿದ್ದ ಹುಡುಗನ ಅಂಗೈ ಬೆವೆತು ಒದ್ದೆಯಾಗಿತ್ತು.

ಮುಚ್ಚಳ ತೆಗೆದೆ. ಒಂದು ಇಳಕಲ್ ಸೀರೆ, ಮಕ್ಕಳಿಬ್ಬರ ಕುಂಚಿಗೆ, ನನ್ನ ಹಳೆಯ ಪಾಸ್‌ಬುಕ್ಕುಗಳು. ಸೀರೆಯ ಮಡಿಕೆಯಲ್ಲಿ ಒಂದು ಪಿನ್ನಿಗೆ ಸಿಕ್ಕಿಸಿದ ಚಾವಿ. ಅದೇ ಕೀಲಿಯ ಎರಡನೆಯ ಚಾವಿ! ಜೋಡಿ ಚಾವಿಯನ್ನು ಅದೇ ಪೆಟ್ಟಿಗೆಯೊಳಗೆ ಇಡಬೇಡಿ ಅಂತ ಊರಿಗೆಲ್ಲ ಹೇಳಿದವನು ನಾನು. ಮನೆಯಲ್ಲಿ ಮಾತ್ರ ಹೇಳಿರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಣ್ಣು ಮಾತ್ರ ಒದ್ದೆಯಾಗಿದ್ದವು.

ಸಂಜೆ ಮೊಮ್ಮಗ, “ಅಜ್ಜಾ, ಬಾಜೂ ಮನಿ ಕೀಲಿನೂ ನೋಡ್ಲೇನು?” ಅಂದ. ಕೂಡಿಸಿಕೊಂಡು ಹೇಳಿದೆ. ನಿಮಗೂ ಅದನ್ನೇ ಹೇಳುತ್ತೇನೆ. ಕಲಿಯುವುದಿದ್ದರೆ ನಿಮ್ಮದೇ ಆದ, ಯಾವ ಬಾಗಿಲಿಗೂ ಹಾಕದ ಹಳೆಯ ಕೀಲಿ ಇರಲಿ, ಮನೆಯ ಹಿರಿಯರು ಎದುರಿಗಿರಲಿ. ಕೈಗೆ ವಿದ್ಯೆ ಬರುವ ಮೊದಲು ಬಾಯಿಗೆ ಚಾಚಾ ಅವರ ಪ್ರಶ್ನೆ ಬರಬೇಕು: ಇದು ಯಾರದು?

ಹಾಂ, ಜೋಡಿ ಚಾವಿ ಎಲ್ಲಿದೆ ಅಂತ ಇವತ್ತೇ ಮನೆಯಲ್ಲಿ ಕೇಳಿ ನೋಡಿ. ಮುಂದಿನ ವಾರ ಸಿಗೋಣ.