ಆರಾಮವನ್ನು ಬೆಟ್ಟದ ರಸ್ತೆಯಲ್ಲಿ ಅಳೆಯಿರಿ

ಬೆಂಜ್ ಇ-ಕ್ಲಾಸ್, ಬಿಎಂಡಬ್ಲ್ಯು 5 ಸೀರೀಸ್‌ಗಳಲ್ಲಿ ಯಾವುದು ಹೆಚ್ಚು ಉದ್ದವೋ ಅದೇ ಹೆಚ್ಚು ಆರಾಮ ಎಂದು, ಈ ಎರಡು ಕಾರುಗಳನ್ನು ಹೋಲಿಸಿದ ಲೇಖನವೊಂದರ ಲೇಖಕರು ಮಾಡಿರುವ ತೀರ್ಮಾನವನ್ನು ನಾನು ಒಪ್ಪಲಾರೆ. 2024ರಲ್ಲಿ ಭಾರತಕ್ಕೆ ಬಂದ ಎರಡೂ ಉದ್ದನೆಯ ಮಾದರಿಗಳೇ. ಬೆಂಜ್‌ನ ವೀಲ್‌ಬೇಸ್ 3094 ಮಿ.ಮೀ., ಬಿಎಂಡಬ್ಲ್ಯುವಿನದು 3105. ಆ 11 ಮಿ.ಮೀ.ನಿಂದ ಯಾರ ಮಂಡಿಗೂ ಸುಖ ಸಿಗದು.

ಆ ಲೇಖಕರು ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟ ಹತ್ತಿ ನೋಡಲಿ. ಹುಲಿ ಸಂರಕ್ಷಿತ ಪ್ರದೇಶದ ಆ ರಸ್ತೆಯಲ್ಲಿ ನಿಧಾನವಾಗಿಯೇ ಹೋಗಬೇಕು; ಎಂಜಿನ್‌ನ ಜೋರಿಗೆ ಅಲ್ಲಿ ಕೆಲಸವಿಲ್ಲ. ಹಿಂದೆ ಮೂವರು ಕೂತಾಗ ಕಾರಿನ ತಳ ರಸ್ತೆಯುಬ್ಬಿಗೆ ಉಜ್ಜುತ್ತದೆಯೇ? ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆಯೇ? ರಂಗನಾಥನ ದರ್ಶನಕ್ಕೆ ಬಂದ ಅಜ್ಜಿ ಆ ತಗ್ಗಿನ ಸೀಟಿನಿಂದ ಇನ್ನೊಬ್ಬರ ಕೈ ಹಿಡಿಯದೆ ಏಳಬಲ್ಲರೇ? ಲೇಖನದಲ್ಲಿ ಇದ್ಯಾವುದೂ ಇಲ್ಲ, ಪರದೆಗಳ ವರ್ಣನೆಯಿದೆ. ಇ-ಕ್ಲಾಸ್‌ನ ಹಿಂಬದಿ ಸೀಟು 36 ಡಿಗ್ರಿವರೆಗೆ ಒರಗುತ್ತದೆ. ವಯಸ್ಸಾದವರಿರುವ ಮನೆಗೆ ಇದು ಯಾವ ಪರದೆಗಿಂತಲೂ ದೊಡ್ಡ ಸೌಲಭ್ಯ (ಘಾಟಿಯಲ್ಲಲ್ಲ, ಹೆದ್ದಾರಿಯಲ್ಲಿ).

ಶೋರೂಮಿನ ಸುತ್ತಮುತ್ತ ಒಂದು ಸುತ್ತು ಹೊಡೆದು ಲಕ್ಷಗಟ್ಟಲೆ ಸುರಿಯಬೇಡಿ. ಮನೆಯ ಹಿರಿಯರನ್ನು ಹಿಂದೆ ಕೂರಿಸಿ, ಎರಡೂ ಕಾರುಗಳನ್ನು ಘಾಟಿ ಹತ್ತಿಸಿ, ಅವರನ್ನೇ ಕೇಳಿ.